ಹಾಲಿನ ಲೆಕ್ಕದ ಪಕ್ಕ ಬರೆದಿಟ್ಟ ಒಂದು ಫೋನ್ ಕರೆ

ಅಮ್ಮ ಮೈಸೂರಿನಿಂದ ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗಿಗೆ ಹೊರಟಿದ್ದೆ. ಕೆಲಸದ ಹೊತ್ತಿನಲ್ಲಿ ಅಮ್ಮ ಫೋನ್ ಮಾಡುವುದೇ ಕಡಿಮೆ. ಮಾಡಿದರೂ "ಬ್ಯುಸಿನಾ? ಆಮೇಲೆ ಮಾಡ್ತೀನಿ ಬಿಡು" ಅಂತ ಇಟ್ಟುಬಿಡುತ್ತಾಳೆ. ಅವತ್ತು ಇಡಲಿಲ್ಲ.

"ಒಬ್ಬ ಹುಡುಗ ಫೋನ್ ಮಾಡಿದ್ದ ಕಣೆ. ನನ್ನ ಹೆಸರು ಹೇಳಿದ. ವಯಸ್ಸು ಹೇಳಿದ. ಗರ್ಭಕೋಶದ ಬಯಾಪ್ಸಿ ಆಗಿದೆಯಲ್ಲ ಮೇಡಂ, ಅಂಥ ಕಾಯಿಲೆಗಳಿಗೆ ಅಂತಲೇ ಒಂದು ಪಾಲಿಸಿ ಇದೆ ಅಂದ."

ನಾನು ಏನೋ ಸಮಾಧಾನ ಹೇಳಲು ಹೋದೆ. ಅಮ್ಮ ಬಿಡಲಿಲ್ಲ.

"ನಿನ್ನ ಚಿಕ್ಕಮ್ಮನಿಗೇ ನಾನು ಹೇಳಿಲ್ಲ. ಆ ಹುಡುಗನಿಗೆ ಯಾರು ಹೇಳಿದ್ರೇ?"

ನಿಜಕ್ಕೂ ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ಅಕ್ಕ, ಭಾವ, ನಾನು, ಡಾಕ್ಟರು. ಇಷ್ಟೇ ಜನಕ್ಕೆ ಗೊತ್ತಿದ್ದ ವಿಷಯ ಅದು. ರಿಪೋರ್ಟು ನಾರ್ಮಲ್ ಬಂದಿತ್ತು, ಗಾಬರಿ ಪಡುವಂಥದ್ದೇನೂ ಇರಲಿಲ್ಲ. ಆದರೂ ಆ ಹತ್ತು ದಿನ ಅಮ್ಮ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ನಡುವೆ ಒಂದು ಮದುವೆಗೂ ಹೋಗಿ ನಗುನಗುತ್ತಾ ಊಟ ಬಡಿಸಿ ಬಂದಿದ್ದಳು.

ಆ ವಾರವೇ ಇನ್ನೂ ಎರಡು ಕರೆ ಬಂದವು. ಒಬ್ಬಳು "ಸೆಕೆಂಡ್ ಒಪಿನಿಯನ್ ಪ್ಯಾಕೇಜ್" ಇದೆ ಅಂದಳು. ಇನ್ನೊಬ್ಬ ಇನ್ಶೂರೆನ್ಸ್ ಹಣ ವಾಪಸ್ ಬರಬೇಕು, ಕಳಿಸಿರುವ ಲಿಂಕ್ ಒತ್ತಿ ಅಂದ. ಅಮ್ಮ ಒತ್ತಲಿಲ್ಲ. ಮೊಮ್ಮಗ ಹೇಳಿಕೊಟ್ಟಿದ್ದು ಕೆಲಸಕ್ಕೆ ಬಂತು.

ಶನಿವಾರ ಊರಿಗೆ ಹೋದೆ. ಅಡುಗೆಮನೆಯ ಗೋಡೆಯಲ್ಲಿ ಅಮ್ಮನ ಕ್ಯಾಲೆಂಡರ್ ಇದೆ. ಒಂದೊಂದು ದಿನದ ಚೌಕದಲ್ಲೂ ಹಾಲಿನ ಪ್ಯಾಕೆಟ್ ಎಷ್ಟು, ಗ್ಯಾಸ್ ಯಾವತ್ತು ಬಂತು, ಕೆಲಸದವಳು ಎಷ್ಟು ದಿನ ಚಕ್ಕರ್ ಹೊಡೆದಳು, ಎಲ್ಲ ಇರುತ್ತೆ. ಆ ಚೌಕಗಳಲ್ಲೇ ಹಾಲಿನ ಲೆಕ್ಕದ ಕೆಳಗೆ ಸಣ್ಣದಾಗಿ ಬರೆದಿದ್ದಳು: "11.20 ಆ ಹುಡುಗ." ಎರಡು ದಿನ ಬಿಟ್ಟು: "3.05 ಹುಡುಗಿ." ಅದರ ಮಾರನೇ ದಿನ: "ಲಿಂಕ್‌ನವನು."

ಆ ಕ್ಯಾಲೆಂಡರನ್ನು ನಾನು ಫೋಟೊ ತೆಗೆದುಕೊಂಡೆ. ಯಾಕೆ ಅಂತ ಅವತ್ತು ನನಗೂ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ವಿಚಾರಿಸಲು ಹೋದಾಗ ಕೌಂಟರಿನ ಹುಡುಗಿ ತಾಳ್ಮೆಯಿಂದಲೇ ಕೇಳಿಸಿಕೊಂಡಳು. "ನಮ್ಮ ಕಡೆಯಿಂದ ಹೋಗೋಕೆ ಚಾನ್ಸೇ ಇಲ್ಲ ಮೇಡಂ" ಅಂದಳು. ಹಾಗನ್ನುವಾಗ ಅವಳ ಮುಂದೆ ಒಂದು ಉದ್ದನೆಯ ರಿಜಿಸ್ಟರ್ ಬಿಚ್ಚಿತ್ತು. ದಾರ ಕಟ್ಟಿದ ಪೆನ್ನು. ಹೆಸರು, ವಯಸ್ಸು, ಮೊಬೈಲ್ ನಂಬರ್, ಯಾವ ಟೆಸ್ಟ್. ತಲೆಕೆಳಗಾಗಿ ಓದಿದರೂ ಅವತ್ತು ಬೆಳಿಗ್ಗೆ ಬಂದ ಏಳು ಜನರ ಕಾಯಿಲೆ ನನಗೆ ತಿಳಿಯಿತು. ನಾನು ಓದುತ್ತಿದ್ದೇನೆ ಅನ್ನುವುದು ಅವಳಿಗೆ ಹೊಳೆಯಲೂ ಇಲ್ಲ.

ಹಾಗಂತ ಇಲ್ಲಿಂದಲೇ ಹೋಯಿತು ಅನ್ನುವ ಹಾಗೂ ಇರಲಿಲ್ಲ. ಅಮ್ಮನ ಹೆಸರು ಎಷ್ಟು ಕೈ ದಾಟಿದೆ ಅಂತ ವಾಪಸ್ ಬರುವಾಗ ಆಟೋದಲ್ಲಿ ಲೆಕ್ಕ ಹಾಕಿದೆ. ಈ ಕೌಂಟರು. ಸ್ಯಾಂಪಲ್ ತೆಗೆದುಕೊಂಡು ಹೋದ ಬೈಕಿನ ಹುಡುಗ. ಹೊರಗಿನ ಲ್ಯಾಬು. ರಿಪೋರ್ಟ್ ರೆಡಿ ಅಂತ ಮೆಸೇಜ್ ಕಳಿಸುವ ಕಂಪನಿ. ಡಿಸ್ಚಾರ್ಜ್ ಸಮ್ಮರಿ ಟೈಪ್ ಮಾಡಿದವರು. ಕ್ಯಾಶ್‌ಲೆಸ್ ಮಾಡಿಸಿದ್ದಕ್ಕೆ ಕ್ಲೇಮ್ ನೋಡಿಕೊಳ್ಳುವ ಮಧ್ಯವರ್ತಿ ಟಿಪಿಎ, ಅದರ ಹಿಂದೆ ಇನ್ಶೂರೆನ್ಸ್ ಕಂಪನಿ. ಕೊನೆಗೆ ರಿಪೋರ್ಟಿನ ಪಿಡಿಎಫ್ ಅನ್ನು ವಾಟ್ಸಾಪಿನಲ್ಲಿ ನಮಗೆ ಕಳಿಸಿದ ಯಾರದೋ ಸ್ವಂತ ಫೋನು. ಎಂಟು ಕೈ. ಒಂದು ಕೈ ಸಾಕು.

ಭಾವ ಮೈಸೂರು ಕೋರ್ಟಿನಲ್ಲಿ ವಕೀಲರು. ಅವತ್ತು ಸಂಜೆ ಕಾಫಿ ಕುಡಿಯುತ್ತಾ ಎಲ್ಲ ಕೇಳಿದರು. ಮೊದಲು ಅಂದದ್ದು ಇಷ್ಟು: "ಫೋನಲ್ಲಿ ಏನೂ ಡಿಲೀಟ್ ಮಾಡಬೇಡಿ ಅತ್ತೆ."

ಕಾಲ್ ಲಾಗ್, ಮೆಸೇಜು, ಆ ಲಿಂಕು, ಎಲ್ಲ ಇದ್ದ ಹಾಗೇ ಇರಬೇಕಂತೆ. ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿ ಕೊಟ್ಟರೆ ಸಾಲದು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು. ಫೋನ್ ಯಾರದು, ಹೇಗೆ ತೆಗೆದದ್ದು, ಫೈಲಿನ ಹ್ಯಾಶ್ ವ್ಯಾಲ್ಯೂ ಎಷ್ಟು, ಇದೆಲ್ಲ ಅದರಲ್ಲಿ ಬರೆದಿರಬೇಕು. ಅಮ್ಮ ಹ್ಯಾಶ್ ಅಂದರೇನು ಅಂತ ಕೇಳಿದಳು. ಭಾವ ಸ್ವಲ್ಪ ಹೊತ್ತು ಯೋಚಿಸಿ, "ಫೈಲಿನ ಹೆಬ್ಬೆಟ್ಟು ಅಂದ್ಕೊಳ್ಳಿ" ಅಂದರು. ಕೋರ್ಟಿನಲ್ಲಿ ಇಪ್ಪತ್ತು ವರ್ಷ ಕಳೆದವರ ಕನ್ನಡ ಇಷ್ಟು ಸಲೀಸು ಅಂತ ನನಗೆ ಗೊತ್ತಿರಲಿಲ್ಲ.

ಆಮೇಲೆ ಕ್ಯಾಲೆಂಡರ್ ನೋಡಿದರು. ಎದ್ದು ಹತ್ತಿರ ಹೋಗಿ ನೋಡಿದರು. "ಇದು ಚೆನ್ನಾಗಿದೆ. ಇದನ್ನ ಹೊಸ ವರ್ಷಕ್ಕೆ ಬಿಸಾಕಬೇಡಿ."

ನಾನು ಕೇಳಿದ್ದು ಒಂದೇ ಪ್ರಶ್ನೆ. ಇದಕ್ಕೆ ಕಾನೂನು ಇಲ್ವಾ?

"ಇಲ್ಲ ಅಂತಲ್ಲ. ಬಾಗಿಲು ಬೇಕಾದಷ್ಟಿದೆ. ಯಾವ ಬಾಗಿಲಲ್ಲಿ ಹೋದ್ರೆ ಅತ್ತೆಗೆ ಏನಾದ್ರೂ ಸಿಗುತ್ತೆ ಅನ್ನೋದು ಬೇರೆ ಮಾತು."

ಅಲ್ಲಿಂದ ಮುಂದಿನ ಎರಡು ತಿಂಗಳು ನಾನು ಆ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತಟ್ಟಿ ನೋಡಿದೆ. ಜಾಸ್ತಿ ಓದಿ, ಸ್ವಲ್ಪ ನಡೆದು.

ಈಗ ಕೈಗೆ ಸಿಗುವ ಹಳೆಯ ಬಾಗಿಲು ಐಟಿ ಕಾಯ್ದೆಯದು. 2000ದ ಕಾಯ್ದೆಗೆ ಆಮೇಲೆ ಸೇರಿಸಿದ 43ಎ ಅನ್ನುವ ಕಲಂ ಇದೆ. ಸೂಕ್ಷ್ಮ ಮಾಹಿತಿ ಇಟ್ಟುಕೊಂಡ ಸಂಸ್ಥೆ ಅದನ್ನು ಸರಿಯಾಗಿ ಕಾಪಾಡದೆ ಯಾರಿಗಾದರೂ ನಷ್ಟವಾದರೆ ಪರಿಹಾರ ಕೊಡಬೇಕು ಅನ್ನುತ್ತೆ ಅದು. 2011ರ ನಿಯಮಗಳು ಸೂಕ್ಷ್ಮ ಮಾಹಿತಿ ಅಂದರೆ ಯಾವುದು ಅಂತ ಬಿಡಿಸಿ ಹೇಳುತ್ತವೆ. ದೈಹಿಕ, ಮಾನಸಿಕ ಆರೋಗ್ಯದ ಸ್ಥಿತಿ, ವೈದ್ಯಕೀಯ ದಾಖಲೆ, ಎರಡೂ ಅದರಲ್ಲಿವೆ. ಪ್ರತಿ ಸಂಸ್ಥೆಯೂ ಒಬ್ಬ ಕುಂದುಕೊರತೆ ಅಧಿಕಾರಿಯ ಹೆಸರನ್ನು ವೆಬ್‌ಸೈಟಿನಲ್ಲಿ ಹಾಕಬೇಕು, ಅವರು ಒಂದು ತಿಂಗಳೊಳಗೆ ದೂರು ಬಗೆಹರಿಸಬೇಕು ಅಂತಲೂ ಇದೆ. ನಮ್ಮ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಆ ಹೆಸರು ಹುಡುಕಲು ನನಗೆ ಅರ್ಧ ಗಂಟೆ ಹಿಡಿಯಿತು. ಪುಟದ ಬುಡದಲ್ಲಿ, ಬೂದು ಬಣ್ಣದ ಅಕ್ಷರದಲ್ಲಿತ್ತು.

43ಎ ಕೆಳಗೆ ಪರಿಹಾರ ಕೇಳಲು ಕೋರ್ಟಿಗೆ ಹೋಗಬೇಕಿಲ್ಲ. ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಯೇ ಇಂಥ ಅರ್ಜಿಗಳ ನ್ಯಾಯನಿರ್ಣಯ ಅಧಿಕಾರಿ. 5 ಕೋಟಿ ರೂಪಾಯಿವರೆಗಿನ ಕ್ಲೇಮನ್ನು ಅವರು ಕೇಳಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ ದೆಹಲಿಯಲ್ಲಿರುವ ಟೆಲಿಕಾಂ ಮೇಲ್ಮನವಿ ನ್ಯಾಯಮಂಡಳಿ ಟಿಡಿಸ್ಯಾಟ್‌ಗೆ ಮೇಲ್ಮನವಿ, ಅಲ್ಲಿಂದ ಹೈಕೋರ್ಟು. ನನಗೆ ಇದು ಬಹಳ ಹೊಸ ವಿಷಯ. ಬ್ಯಾಂಕ್ ಖಾತೆಯಿಂದ ದುಡ್ಡು ಹೋದವರು ಈ ದಾರಿ ಹಿಡಿದದ್ದುಂಟು. ಕಾಯಿಲೆಯ ಸುದ್ದಿ ಹೋಯಿತು ಅಂತ ಇಲ್ಲಿಗೆ ಹೋದವರನ್ನು ಭಾವ ಕಂಡಿಲ್ಲವಂತೆ.

ಯಾಕೆ ಅಂತ ಕಲಂ ಓದಿದಾಗ ಅರ್ಥವಾಯಿತು. ಅದು ಕೇಳುವುದು "ಅಕ್ರಮ ನಷ್ಟ" ಆಗಿದೆಯಾ ಅಂತ. ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ಆ ಮಾತಿಗೆ ಇರುವ ಅರ್ಥ ಆಸ್ತಿ ಕಳೆದುಕೊಳ್ಳುವುದು. ಅಮ್ಮ ಲಿಂಕ್ ಒತ್ತಿ ಐವತ್ತು ಸಾವಿರ ಕಳೆದುಕೊಂಡಿದ್ದರೆ ಕೇಸು ಗಟ್ಟಿ. ಒತ್ತಲಿಲ್ಲವಲ್ಲ, ಜಾಣತನ ಮಾಡಿದಳು. ಹಾಗಾಗಿ ಅವಳ ನಷ್ಟ ಏನು ಅಂತ ನಾವೇ ತಲೆ ಕೆರೆದುಕೊಂಡು ತೋರಿಸಬೇಕು.

ಪೊಲೀಸರ ಹತ್ತಿರ ಹೋದಾಗಲೂ ಇದೇ ಕತೆ. ಆರ್ಥಿಕ ವಂಚನೆಯಾಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು, ಖಾತೆ ಫ್ರೀಜ್ ಮಾಡಿಸಲು ಮೊದಲ ಕೆಲವು ಗಂಟೆ ಮುಖ್ಯ, ಇದು ಈಗ ಎಲ್ಲರಿಗೂ ಗೊತ್ತು. ನಮ್ಮದು ಅದಲ್ಲ. ಒಂದು ಸೈಬರ್ ಠಾಣೆಗೆ ಹೋಗಿ ಕುಳಿತೆವು. ಹೆಡ್ ಕಾನ್‌ಸ್ಟೇಬಲ್ ಒಳ್ಳೆಯವರು, ಅಮ್ಮನಿಗೆ ಫ್ಯಾನ್ ಕೆಳಗಿನ ಕುರ್ಚಿ ಕೊಟ್ಟರು.

"ಎಷ್ಟು ಹೋಯ್ತಮ್ಮ?"

"ದುಡ್ಡೇನೂ ಹೋಗಿಲ್ಲ."

"ಮತ್ತೆ?"

ಆ "ಮತ್ತೆ"ಗೆ ಅಮ್ಮನ ಹತ್ತಿರ ಉತ್ತರ ಇರಲಿಲ್ಲ. ನಾನು ಐಟಿ ಕಾಯ್ದೆಯ 72ಎ ಕಲಂ ಹೇಳಿದೆ. ಒಪ್ಪಂದದ ಮೇಲೆ ಸೇವೆ ಕೊಡುವಾಗ ಸಿಕ್ಕ ಮಾಹಿತಿಯನ್ನು, ತೊಂದರೆಯಾಗಲಿ ಅಂತಲೋ ಲಾಭಕ್ಕೋ, ಒಪ್ಪಿಗೆಯಿಲ್ಲದೆ ಹೊರಗೆ ಕೊಟ್ಟವರಿಗೆ ಮೂರು ವರ್ಷದವರೆಗೆ ಜೈಲು. ಅವರು ಅಲ್ಲಗಳೆಯಲಿಲ್ಲ. ಇಂಥದ್ದನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವ ಹಾಗಿಲ್ಲ, ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ಅರ್ಜಿ ಕೊಟ್ಟು ಹೋಗಿ ಅಂದರು. ಕೊಟ್ಟು ಬಂದೆವು. ಸ್ವೀಕೃತಿಗೆ ಸೀಲ್ ಹಾಕಿಸಿಕೊಂಡೆವು. ಆ ಸೀಲು ಮುಖ್ಯ ಅಂತ ಭಾವ ಮೊದಲೇ ಹೇಳಿ ಕಳಿಸಿದ್ದರು.

ಇನ್ನು ಹೊಸ ಬಾಗಿಲು. ಇದರ ಬಗ್ಗೆ ನನಗೆ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಬಂದಾಗ ಪೇಪರಿನಲ್ಲೆಲ್ಲ ದೊಡ್ಡ ದೊಡ್ಡ ಅಂಕಿಗಳು. ಡೇಟಾ ಕಾಪಾಡದಿದ್ದರೆ 250 ಕೋಟಿವರೆಗೆ ದಂಡ. ಸೋರಿಕೆಯಾದದ್ದನ್ನು ಈ ಕಾಯ್ದೆಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ಸಂಬಂಧಪಟ್ಟ ಜನರಿಗೂ ತಿಳಿಸದಿದ್ದರೆ 200 ಕೋಟಿವರೆಗೆ. ನಾನೂ ಖುಷಿಪಟ್ಟಿದ್ದೆ. ಈಗ ಕಾಯ್ದೆಯನ್ನೇ ಕೂತು ಓದಿದೆ. 34ನೇ ಕಲಂ ಬರೀ ಒಂದು ಸಾಲು. ವಸೂಲಾದ ದಂಡವೆಲ್ಲ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಅಂದರೆ ಸರ್ಕಾರದ ಬೊಕ್ಕಸಕ್ಕೆ. ಯಾರ ಕಾಯಿಲೆಯ ಸುದ್ದಿ ಬೀದಿಗೆ ಬಿತ್ತೋ ಅವರಿಗೆ ಒಂದು ರೂಪಾಯಿಯೂ ಇಲ್ಲ.

ರೋಗಿಗೂ ಒಂದು ದಂಡ ಇಟ್ಟಿದ್ದಾರೆ. ಸುಳ್ಳು ದೂರೋ ಕ್ಷುಲ್ಲಕ ದೂರೋ ಕೊಟ್ಟರೆ 10,000 ರೂಪಾಯಿವರೆಗೆ. ದುಡ್ಡು ಹೋಗದೆ ಬರೀ ಮಾನ ಹೋದ ದೂರನ್ನು ಕ್ಷುಲ್ಲಕ ಅಂತ ಯಾರಾದರೂ ಅಂದರೆ? ಸುಮ್ನೆ ಕೇಳಿದೆ. ಭಾವ ನಕ್ಕು ಸುಮ್ಮನಾದರು.

ಇದಕ್ಕಿಂತ ಹೆಚ್ಚಿಗೆ ಚುಚ್ಚುವುದು ಇನ್ನೊಂದು. ಈ ಕಾಯ್ದೆಯ 44ನೇ ಕಲಂ ಐಟಿ ಕಾಯ್ದೆಯ 43ಎ ಕಲಮನ್ನು ತೆಗೆದುಹಾಕುತ್ತದೆ. ಇದ್ದ ಒಂದು ಊರುಗೋಲು ಅದೇ ಆಗಿತ್ತು. ಹೊಸ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮಂಡಳಿಯ ವಿಷಯ ಕೂಡಲೇ ಜಾರಿ, ಕಂಪನಿಗಳ ಮೇಲಿನ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಗಡುವು. ಲೆಕ್ಕ ಹಾಕಿದರೆ 2027ರ ಮೇ. 43ಎ ಹೋಗುವುದೂ ಆಗಲೇ. ಅಲ್ಲಿಯವರೆಗೆ ಹೊಸದು ಪೂರ್ತಿ ಬಂದಿಲ್ಲ, ಹಳೆಯದು ಪೂರ್ತಿ ಹೋಗಿಲ್ಲ. ಬಾಡಿಗೆ ಮನೆ ಖಾಲಿ ಮಾಡಿ ಹೊಸ ಮನೆಯ ಬೀಗದ ಕೈ ಸಿಗದವರ ಹಾಗೆ ಇದ್ದೇವೆ.

ನ್ಯಾಯವಾಗಿ ಹೇಳಬೇಕೆಂದರೆ ಹೊಸ ಕಾಯ್ದೆಯಲ್ಲಿ ಒಂದು ಒಳ್ಳೆಯದಿದೆ. ಸೋರಿಕೆಯಾದರೆ ತಡಮಾಡದೆ ನಮಗೆ ಹೇಳಲೇಬೇಕು. ಏನು ಹೋಯಿತು, ಇದರಿಂದ ಏನು ತೊಂದರೆ ಬರಬಹುದು, ನಾವೇನು ಮಾಡಬೇಕು, ಯಾರನ್ನು ಕೇಳಬೇಕು, ಎಲ್ಲ. ಇಲ್ಲಿಯವರೆಗೆ ಇದ್ದದ್ದು ಬೇರೆ ಥರ. 2022ರ ಏಪ್ರಿಲ್‌ನ ಆದೇಶದ ಪ್ರಕಾರ ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ಸಂಸ್ಥೆಗಳು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕು. ದೆಹಲಿಗೆ 6 ಗಂಟೆಯಲ್ಲಿ ಸುದ್ದಿ. ಮೈಸೂರಿನ ಅಮ್ಮನಿಗೆ ಪಾಲಿಸಿ ಮಾರುವ ಹುಡುಗನಿಂದ ಸುದ್ದಿ.

ದೊಡ್ಡ ಸೋರಿಕೆಗಳಲ್ಲಿ ರೋಗಿಗಳಿಗೆ ಏನಾಯಿತು ಅಂತ ಹುಡುಕಿದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ, ಡೇಟಾಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಐದು ಸರ್ವರ್, ಸುಮಾರು 1.3 ಟಿಬಿ ಡೇಟಾ ಲಾಕ್ ಆಯಿತು. ದಿನಗಟ್ಟಲೆ ಒಪಿಡಿ ಚೀಟಿಯನ್ನು ಕೈಯಲ್ಲಿ ಬರೆದರು. ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ, ಅದಕ್ಕೇ ಹೀಗಾಯಿತು ಅಂತ ರಾಜ್ಯಸಭೆಗೆ ಉತ್ತರ ಕೊಟ್ಟ ಸಚಿವ ರಾಜೀವ್ ಚಂದ್ರಶೇಖರ್ ಆಗ ಕರ್ನಾಟಕದಿಂದಲೇ ಆರಿಸಿ ಹೋಗಿದ್ದವರು.

2024ರ ಸೆಪ್ಟೆಂಬರಿನಲ್ಲಿ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ಕಾಗದಗಳು ಟೆಲಿಗ್ರಾಂನ ಚಾಟ್‌ಬಾಟ್‌ಗಳಲ್ಲಿ ಸಿಗುತ್ತಿವೆ ಅಂತ ರಾಯಿಟರ್ಸ್ ಬರೆಯಿತು. ಫೋನ್ ನಂಬರು, ವಿಳಾಸ, ಟೆಸ್ಟ್ ರಿಪೋರ್ಟು, ಕ್ಲೇಮ್ ಪತ್ರ. 3.1 ಕೋಟಿ ಜನರದ್ದು ನನ್ನ ಹತ್ತಿರ ಇದೆ ಅಂತ ಹ್ಯಾಕರ್ ಹೇಳಿಕೊಂಡ. ಆಗ ಕಂಪನಿ ಮದ್ರಾಸ್ ಹೈಕೋರ್ಟಿಗೆ ಹೋಯಿತು, ಟೆಲಿಗ್ರಾಂ ಮೇಲೂ ಹ್ಯಾಕರ್ ಮೇಲೂ ದಾವೆ ಹೂಡಿತು. ಚಾಟ್‌ಬಾಟ್‌ಗಳನ್ನು ತಡೆಯಲು ಕೋರ್ಟು ತಾತ್ಕಾಲಿಕ ಆದೇಶವನ್ನೂ ಕೊಟ್ಟಿತು. ಒಳ್ಳೆಯದೇ. ಆದರೆ ಆ ದಾವೆಯಲ್ಲಿ ಕೋರ್ಟಿನ ಮುಂದೆ ನೊಂದವರಾಗಿ ನಿಂತದ್ದು ಕಂಪನಿ. ಯಾರ ರಿಪೋರ್ಟು ಹರಾಜಿಗೆ ಬಿದ್ದಿತ್ತೋ ಅವರ ಮಾತು ಅಲ್ಲಿ ಬರಲೇ ಇಲ್ಲ.

ಅಮೆರಿಕದಲ್ಲಿರುವ ನನ್ನ ದೊಡ್ಡಪ್ಪನ ಮಗನಿಗೆ ಇಂಥದ್ದೇ ಸೋರಿಕೆಯಾದಾಗ ಮನೆಗೆ ಕಾಗದ ಬಂದಿತ್ತು. ನಿಮ್ಮ ಮಾಹಿತಿ ಹೋಗಿರಬಹುದು, ಎರಡು ವರ್ಷ ಕ್ರೆಡಿಟ್ ಮೇಲೆ ಪುಕ್ಕಟೆ ಕಣ್ಣಿಡುತ್ತೇವೆ ಅಂತ. ಅವನಿಗೆ ಅದು ಬೇಜಾರು, ನನಗೆ ಹೊಟ್ಟೆಕಿಚ್ಚು. ಅಲ್ಲೂ ಆರೋಗ್ಯ ಮಾಹಿತಿಯ ಕೇಂದ್ರ ಕಾನೂನಾದ ಹಿಪಾದ ಕೆಳಗೆ ರೋಗಿ ನೇರವಾಗಿ ದಾವೆ ಹೂಡುವ ಹಾಗಿಲ್ಲ. ಆದರೆ ನಿರ್ಲಕ್ಷ್ಯ ಅಂತ ರಾಜ್ಯದ ಕಾನೂನಿನ ಕೆಳಗೆ ಎಲ್ಲರೂ ಸೇರಿ ಕ್ಲಾಸ್ ಆಕ್ಷನ್ ಹೂಡುತ್ತಾರೆ. ಪೆನ್ಸಿಲ್ವೇನಿಯಾದ ಲೀಹೈ ವ್ಯಾಲಿ ಆಸ್ಪತ್ರೆ ಸಮೂಹದಿಂದ 2023ರಲ್ಲಿ ಕ್ಯಾನ್ಸರ್ ರೋಗಿಗಳ ಚಿಕಿತ್ಸೆಯ ವೇಳೆಯ ನಗ್ನ ಫೋಟೊಗಳನ್ನು ಕದ್ದವರು ನೆಟ್ಟಿಗೆ ಹಾಕಿಬಿಟ್ಟರು. ಮರುವರ್ಷ 6.5 ಕೋಟಿ ಡಾಲರಿಗೆ ರಾಜಿಯಾಯಿತು, ಫೋಟೊ ಹೊರಬಿದ್ದವರಿಗೇ ಅದರಲ್ಲಿ ದೊಡ್ಡ ಪಾಲು. ನಾಚಿಕೆಗೂ ಒಂದು ಬೆಲೆ ಕಟ್ಟಿದರು. ಆ ಬೆಲೆ ಸರಿಯೋ ತಪ್ಪೋ, ಕಟ್ಟಿದರಲ್ಲ.

ಯುರೋಪಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಬಲ್ಗೇರಿಯಾದ ತೆರಿಗೆ ಇಲಾಖೆಯ ಸೋರಿಕೆಯ ಕೇಸು ಐರೋಪ್ಯ ಒಕ್ಕೂಟದ ಕೋರ್ಟಿಗೆ ಹೋಗಿತ್ತು. ನನ್ನ ಮಾಹಿತಿಯನ್ನು ಯಾರಾದರೂ ದುರುಪಯೋಗ ಮಾಡಿಯಾರು ಅನ್ನುವ ಹೆದರಿಕೆಯೇ ಹಾನಿ ಆಗಬಹುದು ಅಂತ 2023ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು. ಸುಮ್ಮನೆ ಹೇಳಿದರಾಗದು, ಹೆದರಿಕೆಗೆ ಆಧಾರ ತೋರಿಸಬೇಕು. ಆದರೆ ಭದ್ರತೆ ಸರಿಯಾಗಿತ್ತು ಅಂತ ಸಾಬೀತು ಮಾಡುವ ಹೊಣೆ ಡೇಟಾ ಇಟ್ಟುಕೊಂಡವರದ್ದೇ. ಇದನ್ನು ಓದಿ ನನಗೆ ಆ ಎಂಟು ಕೈ ನೆನಪಾಯಿತು. ನಮ್ಮಲ್ಲಿ ಯಾವ ಕೈ ಅಂತ ಹುಡುಕಬೇಕಾದವಳು ಅಮ್ಮ.

ಸುತ್ತಿ ಬಳಸಿ ನಾವು ಬಂದು ನಿಂತದ್ದು ಗ್ರಾಹಕ ಆಯೋಗದ ಬಾಗಿಲಿಗೆ. ನನಗೇನೋ ಇದು ಸಣ್ಣದು ಅನ್ನಿಸಿತ್ತು. ಫ್ರಿಡ್ಜ್ ಕೆಟ್ಟವರು ಹೋಗುವ ಜಾಗ ಅಲ್ವಾ? ಭಾವನಿಗೆ ಅದೇ ಇಷ್ಟ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ಕೆಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. 2019ರ ಕಾಯ್ದೆಯಲ್ಲಿ ಹೊಸದಾಗಿ ಸೇರಿದ ಒಂದು ಮಾತಿದೆ. ಗ್ರಾಹಕ ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನು ಬಿಟ್ಟು ಬೇರೆಯವರಿಗೆ ತಿಳಿಸುವುದು ಅನುಚಿತ ವ್ಯಾಪಾರ ಪದ್ಧತಿ. ಅಮ್ಮನ ಪ್ರಶ್ನೆಗೆ ಕಾನೂನಿನಲ್ಲಿ ಹತ್ತಿರದ ಸಾಲು ಇದೇ.

ಅಮ್ಮ ಇರುವ ಊರಿನಲ್ಲೇ ದೂರು ಹಾಕಬಹುದು, ಆಸ್ಪತ್ರೆಯ ಹೆಡ್ ಆಫೀಸು ಎಲ್ಲೇ ಇರಲಿ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ವಕೀಲರೂ ಬೇಕಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ಹಾಕಬೇಕು, ಅದೊಂದನ್ನು ಮರೆಯಬಾರದು. ಎಲ್ಲಕ್ಕಿಂತ ಮುಖ್ಯ, ಇಲ್ಲಿ "ಮಾನಸಿಕ ಯಾತನೆ" ಅಂತ ಬರೆದು ಪರಿಹಾರ ಕೇಳಬಹುದು. ಆಯೋಗಗಳು ಕೊಡುತ್ತವೆ ಕೂಡ. ಮೊತ್ತ ದೊಡ್ಡದಿರುವುದಿಲ್ಲ, ಆದರೆ ಆದೇಶದಲ್ಲಿ ಆ ಎರಡು ಪದ ಇರುತ್ತದೆ.

"ನೀವು ಸರಿಯಾಗಿ ನಡೆಸದೆ ಇದ್ರೆ ನಿಮ್ಮ ಮೇಲೂ ಅಲ್ಲೇ ಹಾಕ್ತೀನಿ ಭಾವ" ಅಂದೆ. ಹಾಗೆ ಮಾಡುವಂತಿಲ್ಲವಂತೆ. ವಕೀಲರ ಸೇವೆ ಗ್ರಾಹಕ ಕಾನೂನಿಗೆ ಬರುವುದಿಲ್ಲ ಅಂತ 2024ರ ಮೇನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇದನ್ನು ಹೇಳುವಾಗ ಭಾವನ ಮುಖದಲ್ಲಿದ್ದ ನೆಮ್ಮದಿ ನೋಡಬೇಕಿತ್ತು.

ಪೂರ್ತಿ ಪುಕ್ಕಟೆ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಗೆ ಹೋದವರಿಗೆ ಈ ಬಾಗಿಲಿಲ್ಲ. 43ಎ ಕೂಡ ವ್ಯಾಪಾರ, ವೃತ್ತಿ ನಡೆಸುವ ಸಂಸ್ಥೆಗಳ ಬಗ್ಗೆ ಮಾತಾಡುತ್ತದೆ. ಅವರಿಗೆ ಉಳಿಯುವ ದೊಡ್ಡ ದಾರಿ ಹೈಕೋರ್ಟಿನ ರಿಟ್ ಅರ್ಜಿ. ಸರ್ಕಾರದ ಮುಂದೆ ಖಾಸಗಿತನ ಮೂಲಭೂತ ಹಕ್ಕು ಅಂತ ನಿಂತು ಹೇಳಬಹುದು. ಹಾಗೆ ಹೇಳಲು ಆಗುವುದು 2017ರ ಆಗಸ್ಟ್ 24ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪಿನಿಂದ. ಆ ಕೇಸು ಹಾಕಿದವರು ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ ಹಾಕಿದರು. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಎಂಬತ್ತಾರು ಅಂದಾಗ ಅಮ್ಮ ಕತ್ತೆತ್ತಿ ನೋಡಿದಳು. "ನನಗಿಂತ ದೊಡ್ಡವರು," ಅಂದಳು.

ಹಾಗಾಗಿ ದೂರು ಬರೆಯಲು ಕುಳಿತೆವು. ಭಾವ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದರು. ಅಮ್ಮ ಅವರೇಕಾಯಿ ಸುಲಿಯುತ್ತಿದ್ದಳು. "ದೂರುದಾರರು ಗರ್ಭಕೋಶದ..." ಅಂತ ಭಾವ ಓದಿದರು. ಅಮ್ಮನ ಕೈ ನಿಂತಿತು.

"ಅದನ್ನೂ ಬರೀಬೇಕಾ?"

"ಬರೀದೆ ಹೇಗೆ ಅತ್ತೆ? ಏನು ಹೋಯ್ತು ಅಂತ ಹೇಳ್ಬೇಕಲ್ಲ."

"ಅದನ್ನ ಯಾರ್ಯಾರು ಓದ್ತಾರೆ?"

ಭಾವ ಸುಳ್ಳು ಹೇಳುವವರಲ್ಲ. ಆಯೋಗದ ಅಧ್ಯಕ್ಷರು, ಸದಸ್ಯರು, ಗುಮಾಸ್ತರು, ಆ ಕಡೆಯ ವಕೀಲರು. ಆದೇಶ ಬಂದರೆ ವೆಬ್‌ಸೈಟಿನಲ್ಲಿ, ಅಮ್ಮನ ಹೆಸರಿನ ಜೊತೆ. ಹೆಸರು ಮರೆಮಾಚಿ ಅಂತ ಅರ್ಜಿ ಹಾಕಿ ಕೇಳಬಹುದು, ಕೊಡಲೇಬೇಕು ಅಂತಿಲ್ಲ.

ಎಂಟು ಕೈ ದಾಟಿದ್ದಕ್ಕೆ ನ್ಯಾಯ ಬೇಕಾದರೆ ಇನ್ನೂ ಹತ್ತು ಕೈ ದಾಟಿಸಬೇಕು. ಅಮ್ಮ ಅವರೇಕಾಯಿ ಮೊರವನ್ನು ಪಕ್ಕಕ್ಕಿಟ್ಟು ಒಳಗೆ ಹೋದಳು.

ಈ ತೊಡಕು ಹೊಸದಲ್ಲ. 1990ರ ದಶಕದಲ್ಲಿ ನಾಗಾಲ್ಯಾಂಡಿನ ಒಬ್ಬ ಡಾಕ್ಟರು ಮದ್ರಾಸಿನ ಆಸ್ಪತ್ರೆಯೊಂದರಲ್ಲಿ ರಕ್ತ ಕೊಡಲು ಹೋದಾಗ ಎಚ್‌ಐವಿ ಇರುವುದು ಗೊತ್ತಾಯಿತು. ಸುದ್ದಿ ಹೊರಗೆ ಬಂತು, ಗೊತ್ತಾಗಿದ್ದ ಮದುವೆ ಮುರಿಯಿತು, ಅವರು ಊರನ್ನೇ ಬಿಡಬೇಕಾಯಿತು. ಪರಿಹಾರ ಕೇಳಿ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋದರು, ಸಿವಿಲ್ ಕೋರ್ಟಿಗೆ ಹೋಗಿ ಅಂದಿತು ಆಯೋಗ. ಸುಪ್ರೀಂ ಕೋರ್ಟು 1998ರಲ್ಲಿ ರೋಗಿಯ ಗುಟ್ಟು ಕಾಯುವುದು ವೈದ್ಯರ ಕರ್ತವ್ಯ ಅಂತ ಒಪ್ಪಿತು, ಆದರೆ ಮದುವೆಯಾಗಬೇಕಿದ್ದ ಹುಡುಗಿಯ ಆರೋಗ್ಯ ಅದಕ್ಕಿಂತ ದೊಡ್ಡದು ಅಂದು ಅವರ ಕೇಸನ್ನು ತಳ್ಳಿಹಾಕಿತು. ಕಾನೂನು ಪುಸ್ತಕಗಳಲ್ಲಿ ಅವರ ಕೇಸು ಇವತ್ತಿಗೂ "ಮಿಸ್ಟರ್ ಎಕ್ಸ್" ಕೇಸು ಅಂತಲೇ ಹೆಸರಾಗಿದೆ.

2017ರ ಎಚ್‌ಐವಿ ಕಾಯ್ದೆ ಇದನ್ನು ನೆನಪಿಟ್ಟುಕೊಂಡಿದೆ. ಆ ಕೇಸುಗಳಲ್ಲಿ ಬೇರೆ ಹೆಸರಿಟ್ಟು, ಬಾಗಿಲು ಮುಚ್ಚಿ ವಿಚಾರಣೆ ಮಾಡಿ ಅಂತ ಕೋರ್ಟನ್ನು ಕೇಳಲು ಅದರಲ್ಲೇ ಅವಕಾಶ ಇದೆ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆಯೂ ಗೋಪ್ಯತೆಯನ್ನು ರೋಗಿಯ ಹಕ್ಕು ಅನ್ನುತ್ತದೆ. ಗರ್ಭಕೋಶಕ್ಕೆ ಬೇರೆ ಕಾಯ್ದೆ ಇಲ್ಲ.

ಅವತ್ತು ದೂರು ಅಲ್ಲಿಗೇ ನಿಂತಿತು. ಆಸ್ಪತ್ರೆಯ ಕುಂದುಕೊರತೆ ಅಧಿಕಾರಿಗೆ ಮಾತ್ರ ಪತ್ರ ಬರೆದೆವು. ಕಾಯಿಲೆಯ ಹೆಸರು ಬರೆಯಲಿಲ್ಲ, ಆಸ್ಪತ್ರೆ ರೋಗಿಗೆ ಕೊಡುವ ಯುಎಚ್‌ಐಡಿ ನಂಬರ್ ಹಾಕಿ "ಸದರಿ ತಪಾಸಣೆ" ಅಂದೆವು. ಯಾರ್ಯಾರಿಗೆ ಮಾಹಿತಿ ಕೊಟ್ಟಿದ್ದೀರಿ ಅಂತ ಕೇಳಿದೆವು. ಮೇಲ್ ಮಾಡಿ, ಸ್ಪೀಡ್ ಪೋಸ್ಟೂ ಹಾಕಿ ರಸೀದಿ ಇಟ್ಟುಕೊಂಡೆವು. ಇಪ್ಪತ್ತಾರನೇ ದಿನಕ್ಕೆ ಉತ್ತರ ಬಂತು. ರೋಗಿಗಳ ಖಾಸಗಿತನಕ್ಕೆ ನಾವು ಅತಿ ಹೆಚ್ಚಿನ ಮಹತ್ವ ಕೊಡುತ್ತೇವೆ, ಆಂತರಿಕ ಪರಿಶೀಲನೆಯಲ್ಲಿ ಯಾವ ಲೋಪವೂ ಕಂಡಿಲ್ಲ. ಯಾರ್ಯಾರಿಗೆ ಅನ್ನುವುದಕ್ಕೆ ಉತ್ತರವಿರಲಿಲ್ಲ.

ಭಾವ ಅದನ್ನೂ ಫೈಲಿಗೆ ಸೇರಿಸಿದರು. ಅಮ್ಮ ಆ ವಿಷಯ ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಾತಿನ ನಡುವೆ ಒಂದು ಸಲ ನನ್ನ ಒಂದು ಅಭ್ಯಾಸದ ಬಗ್ಗೆ ಅಮ್ಮನಿಗೆ ಹೇಳಿದ್ದೆ. ಒಂದೊಂದು ಆ್ಯಪಿಗೂ ಒಂದೊಂದು ಥರ ಹೆಸರು ಕೊಡುತ್ತೇನೆ, ಒಂದು ಅಕ್ಷರ ಆಚೀಚೆ ಮಾಡುತ್ತೇನೆ. ಆಮೇಲೆ ಯಾವ ಹೆಸರಿಗೆ ಕರೆ ಬರುತ್ತೋ ಅದರಿಂದ ಎಲ್ಲಿ ಸೋರಿತು ಅಂತ ತಿಳಿಯುತ್ತೆ. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಅಂದುಕೊಂಡಿದ್ದೆ.

ಹೋದ ತಿಂಗಳು ಥೈರಾಯ್ಡ್ ಟೆಸ್ಟಿಗೆ ಅಂತ ಮನೆ ಹತ್ತಿರದ ಬೇರೆ ಲ್ಯಾಬಿಗೆ ಒಬ್ಬಳೇ ಹೋಗಿ ಬಂದಿದ್ದಳು. ಮೊನ್ನೆ ಭಾನುವಾರ ನಾನು ಊರಲ್ಲಿದ್ದಾಗ ಹೇಳಿದಳು, "ಗುರುವಾರ ಒಬ್ಬಳು ಫೋನ್ ಮಾಡಿದ್ಲು ಕಣೆ. ಥೈರಾಯ್ಡ್‌ಗೆ ಅದೇನೋ ಡಯೆಟ್ ಪ್ಲಾನ್ ಇದೆಯಂತೆ."

"ಮತ್ತೆ ಶುರುವಾಯ್ತಾ?"

"ನನ್ನನ್ನ ಎಚ್.ಎಸ್. ಅಂತ ಇನಿಷಿಯಲ್ ಸೇರಿಸಿ ಕರೆದ್ಲು."

ನನಗೆ ಅರ್ಥವಾಗಲಿಲ್ಲ. ಅಮ್ಮನ ಇನಿಷಿಯಲ್ ಅದಲ್ಲ. ಆಧಾರಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಎಲ್ಲ ಅಪ್ಪನದೇ ಇರುವುದು.

"ತವರಿನದು," ಅಂದಳು ಅಮ್ಮ. "ಆ ಲ್ಯಾಬಲ್ಲಿ ಹಾಗೆ ಬರೆಸಿದ್ದೆ. ಅಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ನನ್ನನ್ನ ಹಾಗೆ ಕರೆದು ನಲವತ್ತೈದು ವರ್ಷ ಆಯ್ತು."

ಅಡುಗೆಮನೆಗೆ ಹೋಗಿ ನೋಡಿದೆ. ಗುರುವಾರದ ಚೌಕ. ಹಾಲು ಎರಡು, ಮೊಸರು ಒಂದು. ಕೆಳಗೆ: "ಎಚ್.ಎಸ್. 4.10."

"ಭಾವನಿಗೆ ಫೋಟೊ ತೆಗೆದು ಕಳ್ಸು," ಒಳಗಿನಿಂದ ಅಂದಳು. "ಇದು ಥೈರಾಯ್ಡ್ ಅಲ್ವಾ. ಇದನ್ನ ಬೇಕಾದ್ರೆ ಬರೀಲಿ."